ಮಾವನ ಕೋಣೆಯಲ್ಲಿ ತುಂಬಿದ ಕೋವಿ ಇದೆ, ರಜೆಗೆ ಮಕ್ಕಳು ಊರಿಗೆ ಹೊರಟಿದ್ದಾರೆ

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಗಂಡನ ಮನೆ ಕೊಡಗಿನ ಪೊನ್ನಂಪೇಟೆ ಕಡೆ, ಕಾಫಿ ತೋಟದ ಒಳಗೆ. ಮಾವ ಫೌಜಿನಿಂದ ನಿವೃತ್ತರಾದವರು, ಈಗ 74 ವರ್ಷ. ಅತ್ತೆ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಮಾವನ ಮಂಚದ ಪಕ್ಕ ಗೋಡೆಗೆ ಒರಗಿಸಿ ಜೋಡಿ ನಳಿಗೆಯ ತೋಟಾ ಕೋವಿ ಇಟ್ಟುಕೊಂಡಿರುತ್ತಾರೆ. ರಾತ್ರಿ ಹಂದಿ, ಆನೆ ಬರುತ್ತವೆ ಎಂದು ತೋಟಾ ಹಾಕಿಯೇ ಇಡುತ್ತಾರೆ. "ಸೇಫ್ಟಿ ಹಾಕಿದೆ, ಏನೂ ಆಗಲ್ಲ" ಅನ್ನುತ್ತಾರೆ. ನಡುಮನೆಯ ಗೋಡೆಯಲ್ಲಿ ತಾತನ ಕಾಲದ ಕೇಪಿನ ಕೋವಿ ತೂಗುಹಾಕಿದೆ. ಅದನ್ನು ಯಾರೂ ಮುಟ್ಟಿ ಎಷ್ಟೋ ವರ್ಷವಾಯಿತು. ಅದರ ಮದ್ದಿನ ಡಬ್ಬಿ ಅಡುಗೆಮನೆಯ ಅಟ್ಟದ ಮೇಲಿದೆಯಂತೆ. ನನಗೆ 10 ವರ್ಷದ ಮಗ, 6 ವರ್ಷದ ಮಗಳು. ಪ್ರತಿ ಬೇಸಿಗೆ ರಜೆಗೂ ಅಲ್ಲೇ ಇರುತ್ತಾರೆ. ಬೀಗ ಹಾಕಿ ಎಂದರೆ "ನನ್ನ ಮಕ್ಕಳೂ ಈ ಮನೆಯಲ್ಲೇ ಬೆಳೆದರು, ಹೇಳಿಕೊಟ್ಟರೆ ಮುಟ್ಟಲ್ಲ" ಎಂಬ ಉತ್ತರ. ಇತ್ತೀಚೆಗೆ ಮಾವ ತುಂಬ ಮಂಕಾಗಿದ್ದಾರೆ, ಸಂಜೆ ಕುಡಿಯುವುದೂ ಜಾಸ್ತಿಯಾಗಿದೆ. ನಾನು ಸುಮ್ನೆ ಹೆದರುತ್ತಿದ್ದೇನಾ? ಅವರು ಒಪ್ಪದಿದ್ದರೆ ಏನು ಮಾಡಲಿ?

ಉತ್ತರ: ನೀವು ಸುಮ್ನೆ ಹೆದರುತ್ತಿಲ್ಲ. ನಿಮ್ಮ ಪತ್ರದಲ್ಲಿ ನಾಲ್ಕು ಅಪಾಯಗಳಿವೆ. ಮಂಚದ ಪಕ್ಕದ ಕೋವಿ ನಿಮ್ಮ ಕಣ್ಣಿಗೆ ಬಿದ್ದಿದೆ. ಉಳಿದ ಮೂರರಲ್ಲಿ ಎರಡು ಅದಕ್ಕಿಂತ ಹೆಚ್ಚು ತುರ್ತಿನವು ಎಂದು ನನಗೆ ಅನ್ನಿಸುತ್ತದೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು, ಆಗಿದ್ದವನು. ನಿವೃತ್ತಿಯ ನಂತರವೂ ಕೋವಿ ರಿಪೇರಿ, ಸರ್ವೀಸ್ ಕೆಲಸದಲ್ಲೇ ಇದ್ದೇನೆ. ನನ್ನ ಮೇಜಿನ ಮೇಲೆ "ಖಾಲಿ ಇದೆ ಸಾರ್" ಎಂದು ಹೇಳಿ ಇಟ್ಟ ಕೋವಿಯಿಂದ ತೋಟಾ ಹೊರಬಂದದ್ದನ್ನು ಒಂದಲ್ಲ ಎರಡಲ್ಲ, ಅನೇಕ ಸಲ ಕಂಡಿದ್ದೇನೆ. ತಂದವರು ಸುಳ್ಳು ಹೇಳುವವರಲ್ಲ. ಖಾಲಿ ಇದೆ ಎಂದು ನಿಜವಾಗಿಯೂ ನಂಬಿದ್ದವರು.

ಮೊದಲು ಅಡುಗೆಮನೆಯ ಅಟ್ಟ. ಮಳೆಗಾಲದಲ್ಲಿ ತೇವ ಆಗದಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಮದ್ದು ಇಡುವ ರೂಢಿ ಹಳೆಯದು. ಮದ್ದು ಒಣಗಿರುತ್ತದೆ, ನಿಜ. ಅಪಾಯವೂ ಅಲ್ಲೇ ಇದೆ. ಕೇಪಿನ ಕೋವಿಗೆ ಬಳಸುವ ಕರಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಿಶ್ರಣ. ವರ್ಷಗಳು ಕಳೆದರೆ ಅದು ಸತ್ತುಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಒಣಗಿದ ಜಾಗದಲ್ಲಿದ್ದರೆ ತಲೆಮಾರು ಕಳೆದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಡಬ್ಬಿಯೊಳಗೆ ಹೊತ್ತಿಕೊಂಡರೆ ಡಬ್ಬಿಯೇ ಸಿಡಿಯುತ್ತದೆ. ಒಲೆ ಪೂರ್ತಿ ಆರಿರುವ ಹೊತ್ತಿನಲ್ಲಿ, ಹತ್ತಿರ ಬೀಡಿ, ಸಿಗರೇಟು, ದೀಪ ಏನೂ ಇಲ್ಲದಾಗ ದೊಡ್ಡವರೊಬ್ಬರು ಅದನ್ನು ಇಳಿಸಲಿ. ಮುಚ್ಚಳ ತುಕ್ಕು ಹಿಡಿದಿದ್ದರೆ ತಿರುಗಿಸಲು, ಮೀಟಲು ಹೋಗಬೇಡಿ. ಮನೆಯಿಂದ ದೂರದ ತಂಪಾದ, ಬೀಗ ಹಾಕಬಹುದಾದ ಜಾಗದಲ್ಲಿ ಇಟ್ಟು, ಪರವಾನಗಿ ಇರುವ ಕೋವಿ ಅಂಗಡಿಯವರಿಗೆ ಅಥವಾ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಬಚ್ಚಲೊಲೆಗೆ ಸುರಿದು "ಮುಗಿಸಿಬಿಡೋಣ" ಅನ್ನುವವರಿದ್ದಾರೆ. ದಯವಿಟ್ಟು ಆ ಕೆಲಸ ಬೇಡ. ಕೇಪುಗಳ (ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿಗಳು) ಚಿಕ್ಕ ಡಬ್ಬಿಯೂ ಅಲ್ಲೇ ಎಲ್ಲೋ ಇರುತ್ತದೆ, ಅದನ್ನೂ ಹುಡುಕಿ. ಅದು ಮದ್ದಿನ ಜೊತೆ ಒಂದೇ ಕಡೆ ಇರಬಾರದು.

ಇನ್ನು ನಡುಮನೆಯ ಗೋಡೆಯ ಕೋವಿ. ನೀವು ಅದನ್ನು ಅಲಂಕಾರದ ವಸ್ತುವಿನಂತೆ ಬರೆದಿದ್ದೀರಿ. ಎಲ್ಲರೂ ಹಾಗೇ ನೋಡುತ್ತಾರೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ ಜಾಸ್ತಿ. ತೋಟಾ ಕೋವಿಯನ್ನು ಮುರಿದು, ಅಂದರೆ ಕೀಲಿನ ಬಳಿ ಬಗ್ಗಿಸಿ ತೆರೆದು, ನೋಡಿದರೆ ತುಂಬಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಯನ್ನು ಬಾಯಿಯ ಕಡೆಯಿಂದ ತುಂಬುವುದು. ಮದ್ದು, ಅದರ ಮೇಲೆ ಬಟ್ಟೆಯೋ ನಾರೋ ಒತ್ತಿ, ಚರೆ ಹಾಕಿ, ಮತ್ತೆ ಒತ್ತಿದರೆ ಎಲ್ಲವೂ ನಳಿಗೆಯ ಬುಡದಲ್ಲಿ ಕೂತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಯಾವತ್ತೋ ಒಂದು ರಾತ್ರಿ ಹಂದಿ ಕಾಯಲು ತುಂಬಿದ್ದು, ಹಂದಿ ಬರಲಿಲ್ಲ, ಕೇಪು ತೆಗೆದು ಗೋಡೆಗೆ ತೂಗುಹಾಕಿದರು. ತುಂಬಿದವರು ತೀರಿಕೊಂಡರು. ಕೋವಿ ಮಾತ್ರ ತುಂಬಿದಂತೆಯೇ ಉಳಿಯಿತು. ಇಂಥವು ರಿಪೇರಿಗೆ ಬರುತ್ತಲೇ ಇರುತ್ತವೆ.

ಪರೀಕ್ಷಿಸುವ ಕ್ರಮ ಹೀಗೆ. ಗೊತ್ತಿದ್ದವರು ಮಾತ್ರ ಮಾಡಬೇಕು, ನಿಮ್ಮ ಮಾವ ಮಾಡಬಲ್ಲರು. ಮೊದಲು ಕೇಪು ಕೂರುವ ಜಾಗ ಖಾಲಿ ಇದೆಯೇ ನೋಡಬೇಕು. ಕೇಪು ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ, ಆರ್ಮರರ್‌ಗೆ ತಿಳಿಸಿ. ಇಲ್ಲದಿದ್ದರೆ ಬಾಯಿಯನ್ನು ಬಯಲಿನ ಕಡೆಗೆ ಹಿಡಿದು, ಮುಖ, ಎದೆ ಅದರ ನೇರಕ್ಕೆ ಬರದಂತೆ ನಿಂತು, ಮರದ ಗಜವನ್ನು (ನಳಿಗೆಯೊಳಗೆ ಹೋಗುವ ಉದ್ದ ಕೋಲು) ಮೆಲ್ಲಗೆ ಒಳಗೆ ಇಳಿಸಬೇಕು. ಗಜ ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗುರುತು ಮಾಡಿ ಹೊರಗೆ ತೆಗೆಯಬೇಕು. ಈಗ ಅದೇ ಗಜವನ್ನು ನಳಿಗೆಯ ಹೊರಮೈಗೆ ಒತ್ತಿ ಹಿಡಿದು, ಗುರುತನ್ನು ಬಾಯಿಗೆ ಸರಿಹೊಂದಿಸಿ. ಗಜದ ಇನ್ನೊಂದು ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ನಳಿಗೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಮಣ್ಣಿನ ಗೂಡು ಕಟ್ಟುವ ಕಡಜದ ಕೆಲಸ ಇರಬಹುದು, ನಮ್ಮ ಕಡೆ ಅದು ತುಂಬ ಸಾಮಾನ್ಯ. ಹಳೆಯ ಈಡೂ (ತುಂಬಿಟ್ಟ ಮದ್ದು, ಚರೆ) ಇರಬಹುದು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ತೀರ್ಮಾನಿಸಲು ಹೋಗಬೇಡಿ. ಕಬ್ಬಿಣದ ಸರಳಿನಿಂದ ಕೆದಕುವುದು, ಬಿಸಿ ಮಾಡುವುದು, "ಹಾರಿಸಿ ಖಾಲಿ ಮಾಡೋಣ" ಎನ್ನುವುದು ಮೂರೂ ಕೈ ಕಣ್ಣು ತೆಗೆಯುವ ಕೆಲಸಗಳು. ಬಾಯಿ ಕಟ್ಟಿಕೊಂಡ ನಳಿಗೆ ಹಾರಿಸಿದವರ ಕೈಯಲ್ಲೇ ಸಿಡಿಯುತ್ತದೆ. ಆರ್ಮರರ್ ಹತ್ತಿರ ಬಿಚ್ಚಿಸಿ, ಖಾಲಿ ಮಾಡಿಸಿ. ಆಮೇಲೆ ಅದೂ ಬೀಗದ ಒಳಗೇ ಇರಲಿ. ಮಕ್ಕಳ ಕೈಗೆಟುಕುವ ಗೋಡೆ ಅದರ ಜಾಗ ಅಲ್ಲ.

ಈಗ ಮಂಚದ ಪಕ್ಕದ ಕೋವಿಗೆ ಬರೋಣ. "ಸೇಫ್ಟಿ ಹಾಕಿದೆ" ಎಂಬ ಮಾತಿಗೆ ನಿಮ್ಮ ಮಾವ ಅಷ್ಟು ಭರವಸೆ ಇಡಬಾರದು. ಹೆಚ್ಚಿನ ಜೋಡಿ ನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರ್ ಅನ್ನು ಮಾತ್ರ. ಒಳಗಿನ ಕುದುರೆ (ತೋಟಾ ಹಾರಿಸಲು ಬಡಿಯುವ ಭಾಗ) ಸ್ಪ್ರಿಂಗ್‌ನ ಒತ್ತಡದಲ್ಲಿ ಹಾಗೇ ಎಳೆದುಕೊಂಡಿರುತ್ತದೆ. ಅದನ್ನು ಹಿಡಿದಿಟ್ಟಿರುವ ಚಿಕ್ಕ ಕೊಕ್ಕೆ ಸವೆದಿದ್ದು, ಕೋವಿ ಜಾರಿ ನೆಲಕ್ಕೆ ಬಿದ್ದರೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಕುದುರೆ ಹೊರಗೆ ಕಾಣುವ ಹಳೆಯ ಮಾದರಿಗಳಲ್ಲಿ ಕೆಲವಕ್ಕೆ ಸೇಫ್ಟಿಯೇ ಇರುವುದಿಲ್ಲ. ಗೋಡೆಗೆ ಒರಗಿಸಿದ ಕೋವಿ ಬೀಳುವುದಕ್ಕೆ ನಾಯಿಯ ಬಾಲ, ಪೊರಕೆಯ ಕೋಲು ಸಾಕು, ಅಲ್ವಾ?

ಹಂದಿ, ಆನೆಯ ಕಾರಣವನ್ನೂ ಗೌರವದಿಂದಲೇ ನೋಡೋಣ. ತೋಟದ ನಡುವೆ ಒಂಟಿ ಮನೆ, ರಾತ್ರಿ ಏನೋ ಸದ್ದು. ಕೈಗೆ ಕೋವಿ ಸಿಗಬೇಕು ಅನ್ನಿಸುವುದು ಸಹಜ. ಆದರೆ ಮುರಿದು ತುಂಬುವ ಕೋವಿಗೆ ಎರಡು ತೋಟಾ ಹಾಕಲು ರೂಢಿ ಇದ್ದವರಿಗೆ ಕೆಲವೇ ಸೆಕೆಂಡು ಸಾಕು. ಹಂದಿ ನಾವು ಮಲಗುವ ಕೋಣೆಗೆ ನುಗ್ಗುವುದಿಲ್ಲ. ಆನೆಗೆ 12 ಬೋರ್ ಚರೆ ತಗುಲಿದರೆ ಅದು ಕೆರಳುತ್ತದೆ, ಓಡಿಹೋಗುವ ಖಾತರಿ ಏನೂ ಇಲ್ಲ. ಜೊತೆಗೆ ಅದು ವನ್ಯಜೀವಿ ಕಾಯ್ದೆಯಲ್ಲಿ ದೊಡ್ಡ ಅಪರಾಧ. ಹಂದಿಗೂ ಅನುಮತಿ ಇಲ್ಲದೆ ಗುಂಡು ಹೊಡೆಯುವಂತಿಲ್ಲ. ಆನೆ ಬಂದರೆ ಮನೆಯೊಳಗೇ ಇದ್ದು ಅರಣ್ಯ ಇಲಾಖೆಯವರಿಗೆ ಫೋನ್ ಮಾಡುವುದೇ ಸರಿ. ಇನ್ನೊಂದು ಮಾತು ಹೇಳಲೇಬೇಕು. ಕೊಡಗು, ಮಲೆನಾಡಿನ ಪತ್ರಿಕೆಗಳಲ್ಲಿ ಹಂದಿ ಎಂದು ತಿಳಿದು ಮನುಷ್ಯರಿಗೆ ಗುಂಡು ಹೊಡೆದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೊಡೆದವರು ಹೆಚ್ಚಾಗಿ ಅನುಭವಿಗಳೇ. ಕತ್ತಲು, ಆತುರ, ಒಂದೆರಡು ಪೆಗ್ ಸೇರಿದಾಗ ಅನುಭವ ಕೈಕೊಡುತ್ತದೆ. ಕುಡಿದ ದಿನ ಕೋವಿ ಬೀಗದಿಂದ ಹೊರಗೆ ಬರಬಾರದು. ಇದರಲ್ಲಿ ರಾಜಿ ಇಲ್ಲ.

"ಹೇಳಿಕೊಟ್ಟರೆ ಮಕ್ಕಳು ಮುಟ್ಟಲ್ಲ" ಎಂಬ ನಂಬಿಕೆ ನಿಮ್ಮ ಮಾವನದು ಮಾತ್ರ ಅಲ್ಲ. 2001ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರು. ಮೇಜಿನ ಡ್ರಾಯರ್‌ನಲ್ಲಿ ಗುಂಡು ಇಲ್ಲದ ನಿಜವಾದ ಪಿಸ್ತೂಲು ಇತ್ತು. 48 ಹುಡುಗರು ಅದನ್ನು ಹುಡುಕಿದರು. 30 ಮಂದಿ ಕೈಗೆತ್ತಿಕೊಂಡರು. 16 ಮಂದಿ ಟ್ರಿಗರ್ ಎಳೆದರು. ಹೀಗೆ ಕೈಗೆತ್ತಿಕೊಂಡವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಬಂದೂಕಿನ ಸುರಕ್ಷತೆಯ ಬಗ್ಗೆ ಏನಾದರೊಂದು ಪಾಠ ಮೊದಲೇ ಆಗಿತ್ತು. ಇವರು ಕೆಟ್ಟ ಮಕ್ಕಳಲ್ಲ. ಕುತೂಹಲ ಬಂದಾಗ ಪಾಠ ಮರೆತುಹೋಗುತ್ತದೆ, ಅಷ್ಟೇ. ಹಾಗೆಂದು ಹೇಳಿಕೊಡುವುದನ್ನು ಬಿಡಬೇಡಿ. ಕೋವಿ ಕಂಡರೆ ಮುಟ್ಟದೆ ದೂರ ಬಂದು ದೊಡ್ಡವರಿಗೆ ತಿಳಿಸಬೇಕು ಎಂಬುದು ನಿಮ್ಮ 6 ವರ್ಷದ ಮಗಳಿಗೂ ಅರ್ಥವಾಗುತ್ತದೆ. ಮಗನಿಗೆ ಕುತೂಹಲ ಇದ್ದರೆ ತಾತನೇ ಖಾಲಿ ಕೋವಿಯನ್ನು ಮುರಿದು ತೋರಿಸಲಿ. ಬಚ್ಚಿಟ್ಟದ್ದಕ್ಕಿಂತ ತೋರಿಸಿದ್ದರ ಮೇಲೆ ಆಸೆ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆದರೆ ತೋರಿಸಿದ ಮೇಲೂ ಬೀಗ ಬೇಕೇ ಬೇಕು. ಬೀರುವಿನ ಮೇಲೆ, ಹಾಸಿಗೆ ಕೆಳಗೆ, ದೇವರ ಫೋಟೋ ಹಿಂದೆ ಕೀಲಿ ಇಟ್ಟರೆ ಅದು ಬೀಗ ಹಾಕಿದಂತಲ್ಲ. ಆ ಜಾಗಗಳೆಲ್ಲ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬೀಗಕ್ಕೆ ಹಲವು ದಾರಿಗಳಿವೆ. ಎಲ್ಲಕ್ಕಿಂತ ಒಳ್ಳೆಯದು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕಪಾಟು, ಕೋವಿಗೇ ಮೀಸಲು. ಬಟ್ಟೆಯ ಗಾಡ್ರೇಜ್ ಬೀರುವೂ ನಡೆಯುತ್ತದೆ, ಆದರೆ ದಿನಕ್ಕೆ ಹತ್ತು ಸಲ ತೆಗೆಯುವ ಬೀರುವಿನ ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ. ತೋಟಾ ಇನ್ನೊಂದು ಕಡೆ, ಬೇರೆ ಬೀಗ, ಬೇರೆ ಕೀಲಿ. ಎರಡೂ ಕೀಲಿ ಒಂದೇ ಗೊಂಚಲಿನಲ್ಲಿದ್ದರೆ ಪ್ರಯೋಜನವಿಲ್ಲ. ನಂಬರ್ ಲಾಕ್ ಆದರೆ ಹುಟ್ಟಿದ ದಿನ, ವಾಹನದ ನಂಬರ್ ಇಡಬೇಡಿ.

ಕಪಾಟು ತಯಾರಾಗುವವರೆಗೆ ಖರ್ಚಿಲ್ಲದ ಒಂದು ಉಪಾಯವಿದೆ. ಜೋಡಿ ನಳಿಗೆ ಕೋವಿ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ಹಿಡಿ, ನಳಿಗೆ, ನಳಿಗೆಯ ಕೆಳಗಿನ ಮರದ ತುಂಡು. ಮೊದಲು ಬಾಯಿಯನ್ನು ಹೊರಗಿನ ಮೆತ್ತನೆಯ ಮಣ್ಣಿನ ಕಡೆ ಹಿಡಿಯಬೇಕು. ಸಿಮೆಂಟು, ಕಲ್ಲಿನ ನೆಲದ ಕಡೆ ಬೇಡ, ಚರೆ ಪುಟಿಯುತ್ತದೆ. ಬೆರಳು ಟ್ರಿಗರ್‌ನಿಂದ ದೂರ ಇರಲಿ. ಮೇಲಿನ ಸನ್ನೆಯನ್ನು ಪಕ್ಕಕ್ಕೆ ತಳ್ಳಿ ಕೋವಿ ಮುರಿದು, ಎರಡೂ ತೋಟಾ ತೆಗೆದು, ಎರಡೂ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಕತ್ತಲಿದ್ದರೆ ತೋಟಾ ಕೂರುವ ತೂತಿಗೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಆಮೇಲೆ ಮರದ ತುಂಡು ಬಿಡಿಸಿದರೆ ನಳಿಗೆ ಕಳಚಿಕೊಳ್ಳುತ್ತದೆ. ನಳಿಗೆ ಒಂದು ಬೀರುವಿನಲ್ಲಿ, ಹಿಡಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಮಗುವಿನ ಕೈಗೆ ಒಂದು ಭಾಗ ಸಿಕ್ಕರೂ ಅದು ಕೋವಿಯಾಗುವುದಿಲ್ಲ. ನಳಿಗೆಯೊಳಗೆ ತೂರಿಸುವ ತಂತಿಯ ಬೀಗ, ಟ್ರಿಗರ್‌ಗೆ ಹಾಕುವ ಬೀಗ ಸಿಗುತ್ತವೆ. ಟ್ರಿಗರ್ ಬೀಗವನ್ನು ತುಂಬಿದ ಕೋವಿಗೆ ಯಾವತ್ತೂ ಹಾಕಬಾರದು, ಹಾಕುವಾಗಲೇ ಹಾರಬಹುದು.

ಬೀಗದಲ್ಲಿಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಎಂದು ಅವರು ಹೇಳಬಹುದು. ತುಕ್ಕು ಹಿಡಿಸುವುದು ಬೀಗ ಅಲ್ಲ, ಚರ್ಮದ ಕವರ್. ಕೊಡಗಿನ ತೇವವನ್ನು ಅದು ಹೀರಿ ಹಿಡಿದುಕೊಳ್ಳುತ್ತದೆ. ಕವರ್ ಇಲ್ಲದೆ, ತೆಳ್ಳಗೆ ಎಣ್ಣೆ ಒರೆಸಿ ಇಡಲಿ. ಎಣ್ಣೆ ಮರದ ಹಿಡಿಗೆ ಇಳಿಯದಂತೆ ಬಾಯಿ ಕೆಳಗೆ ಮಾಡಿ ನಿಲ್ಲಿಸಲಿ. ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳಿರಲಿ. ತೋಟಾದ ಹಿತ್ತಾಳೆಗೆ ಹಸಿರು ಕಟ್ಟಿದ್ದರೆ, ಮೈ ಉಬ್ಬಿದ್ದರೆ ಅವನ್ನು ಬಳಸದೆ ಅಂಗಡಿಯವರಿಗೆ ಒಪ್ಪಿಸಿ.

ಪರವಾನಗಿ ಬೇಡ ಎಂದರೆ ಯಾವ ಕಾನೂನೂ ತಟ್ಟುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಇದೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಹೊಂದಲು ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಪರವಾನಗಿಗೆ ಮಾತ್ರ, ಎಚ್ಚರಿಕೆಗೆ ಅಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದಲೋ ಸಂಭ್ರಮಕ್ಕೋ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯ ನಂತರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಕೋವಿಗಳನ್ನು ಅಂಗಡಿಗೆ ನಿಮ್ಮ ಮಾವನೇ ಒಯ್ಯುವುದು ಒಳ್ಳೆಯದು. ಬೇರೆಯವರು ಒಯ್ಯುವುದಾದರೆ ಮಾವನ ಲಿಖಿತ ಒಪ್ಪಿಗೆ, ವಿನಾಯಿತಿ ಪತ್ರ ಜೊತೆಗಿರಲಿ. ಮೊದಲೇ ಠಾಣೆಗೆ ತಿಳಿಸಿದರೆ ದಾರಿಯಲ್ಲಿ ತಕರಾರು ಇರುವುದಿಲ್ಲ.

ನಾಲ್ಕನೆಯದು ನಿಮ್ಮ ಪತ್ರದ ಕೊನೆಗೆ ಎರಡೇ ಸಾಲಿನಲ್ಲಿ ಬಂದಿದೆ. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾದ ಹಿರಿಯರು, ಮಂಕು, ಕುಡಿತ, ಕೈಗೆಟುಕುವಲ್ಲಿ ತುಂಬಿದ ಕೋವಿ. ಇವು ಒಟ್ಟಿಗೆ ಇರುವುದು ನನಗೆ ಮಕ್ಕಳ ವಿಷಯದಷ್ಟೇ ಚಿಂತೆ ತರುತ್ತದೆ. ಸಾಯಬೇಕೆಂಬ ಯೋಚನೆ ಎಷ್ಟೋ ಸಲ ಒಂದು ಗಳಿಗೆಯದು. ಆ ಗಳಿಗೆಯಲ್ಲಿ ಕೋವಿ ಕೈಗೆ ಸಿಗದಿದ್ದರೆ ಬಹಳ ಮಂದಿ ಉಳಿಯುತ್ತಾರೆ, ಆಮೇಲೆ ಚೆನ್ನಾಗಿ ಬದುಕುತ್ತಾರೆ. ನಿಮ್ಮ ಗಂಡ ಊರಿಗೆ ಹೋಗಿ ಎರಡು ದಿನ ಅವರ ಜೊತೆ ಇರಲಿ. "ಅಪ್ಪ, ಬದುಕೇ ಸಾಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಲಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು. ಕೇಳಿದರೆ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತದೆ. ಮನೆಯವರೂ ಸಲಹೆ ಕೇಳಬಹುದು. ಅವರು ಚೇತರಿಸಿಕೊಳ್ಳುವವರೆಗೆ ಕೋವಿಯನ್ನು ಪರವಾನಗಿ ಇರುವ ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಮನೆಯಲ್ಲೇ ಇಡಬೇಕೆಂದರೆ ನಳಿಗೆಯೂ ತೋಟಾಗಳೂ ಒಂದೇ ಮನೆಯಲ್ಲಿ ಇರದಿರಲಿ. ಅವರ ಕೈಯಲ್ಲೇ ಕೀಲಿ ಇದ್ದರೆ ಈ ಅಪಾಯಕ್ಕೆ ಬೀಗ ಉತ್ತರವಲ್ಲ.

ಹೇಗೆ ಹೇಳುವುದು? ನಿಮಗಿಂತ ಮಗನ ಬಾಯಲ್ಲಿ ಬಂದರೆ ಒಳ್ಳೆಯದು. "ನಿಮಗೆ ವಯಸ್ಸಾಯಿತು" ಎಂಬ ಮಾತು ಬೇಡವೇ ಬೇಡ. ಅವರು ಫೌಜಿನವರು, ಕೋತ್ (ಸೇನೆಯ ಆಯುಧ ಕೋಣೆ) ಎಂದರೆ ಏನೆಂದು ಅವರಿಗೆ ಹೇಳಿಕೊಡಬೇಕಿಲ್ಲ. ಪಲ್ಟನ್ನಿನಲ್ಲಿ ಕೆಲಸ ಮುಗಿದ ಮೇಲೆ ರೈಫಲ್ ಖಾಲಿ ಮಾಡಿ, ತಪಾಸಣೆ ಮಾಡಿ, ಕೋತ್‌ಗೆ ಒಪ್ಪಿಸಿ, ಲೆಕ್ಕದ ಪುಸ್ತಕದಲ್ಲಿ ಬರೆಸುತ್ತಿದ್ದರು. ಮದ್ದುಗುಂಡು ಬೇರೆಯೇ ಕಡೆ. ಬ್ಯಾರಕ್‌ನಲ್ಲಿ ತುಂಬಿದ ರೈಫಲ್ ಪಕ್ಕದಲ್ಲಿಟ್ಟು ಮಲಗಿದ ಜವಾನನನ್ನು ಅವರೇ ಸುಮ್ಮನೆ ಬಿಡುತ್ತಿರಲಿಲ್ಲ. ಊರಿನ ಪದ್ಧತಿಯೂ ಅದನ್ನೇ ಹೇಳುತ್ತದೆ. ಗದ್ದೆ ಕೆಲಸದ ತಿಂಗಳುಗಳಲ್ಲಿ ಆಯುಧಗಳನ್ನು ಕನ್ನಿ ಕೋಂಬರೆಯಲ್ಲಿ (ಮನೆಯ ಪೂಜೆಯ ಕೋಣೆ) ಒಪ್ಪಿಸಿಟ್ಟು, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ತೋಕ್‌ಪೂ (ಕೋವಿ ಹೂ) ಇಟ್ಟು ಪೂಜಿಸಿ ಹೊರಗೆ ತೆಗೆಯುತ್ತಿದ್ದ ಮನೆತನಗಳು ಇವು. ಕೋವಿಯನ್ನು ಕೆಲವು ತಿಂಗಳು ಒಳಗಿಡುವುದು ಅವಮಾನ ಎಂದು ಆ ಹಿರಿಯರು ಎಣಿಸಲಿಲ್ಲ. ಎರಡೂ ಕೋವಿಗೆ ಸರ್ವೀಸ್ ಬೇಕೇ ಇದೆ, ಅದು ನೆಪ ಅಲ್ಲ. ಮಾತು ಅಲ್ಲಿಂದ ಶುರುವಾಗಲಿ.

ಇಷ್ಟಾದರೂ ಅವರು ಒಪ್ಪದಿದ್ದರೆ, ಈ ರಜೆಗೆ ಮಕ್ಕಳನ್ನು ಅಲ್ಲಿ ಉಳಿಸಬೇಡಿ. ಜಗಳ ಮಾಡಿ ಅಲ್ಲ. ತಾತನನ್ನೇ ಬೆಂಗಳೂರಿಗೆ ಕರೆಸಿಕೊಳ್ಳಿ, ಅವರಿಗೂ ಈಗ ಮೊಮ್ಮಕ್ಕಳ ಜೊತೆ ಬೇಕು. ಅವರು ನಿಮ್ಮಲ್ಲಿರುವ ಆ ವಾರಗಳಲ್ಲಿ, ಅವರ ಒಪ್ಪಿಗೆ ಪತ್ರ ಪಡೆದು, ಕೋವಿಗಳನ್ನು ಆರ್ಮರರ್ ಹತ್ತಿರ ಬಿಡಿ. ಬಡಗಿಯನ್ನೋ ವೆಲ್ಡರನ್ನೋ ಕರೆಸಿ ಕಪಾಟನ್ನು ಗೋಡೆಗೆ ಕೂರಿಸಿಬಿಡಿ.